ಡಾಕ್ಟರ್, ಎಂಜಿನಿಯರ್ ಬಿಟ್ಟರೆ ಬೇರೆ ದಾರಿ ಇಲ್ಲವೇ? ವಿಶಾಖಪಟ್ಟಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೋಷಕರ ಬಗ್ಗೆ ಹೇಳಿದ್ದೇನು?

ಹತ್ತನೇ ತರಗತಿ ಫಲಿತಾಂಶ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ 'ಮುಂದೇನು?'. ಆಂಧ್ರಪ್ರದೇಶದ ವಿಜಯವಾಡ, ವಿಶಾಖಪಟ್ಟಣದ ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರ ಫಲಿತಾಂಶಕ್ಕೂ ಮೊದಲೇ ಸಿದ್ಧವಾಗಿರುತ್ತದೆ: ಎಂಪಿಸಿ ಇಲ್ಲವೇ ಬೈಪಿಸಿ.

ನಮ್ಮ ಪಿಯುಸಿಗೆ ಸಮನಾದ ಅಲ್ಲಿನ ಇಂಟರ್‌ಮೀಡಿಯೆಟ್‌ನಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಗುಂಪು ಎಂಪಿಸಿ. ಗಣಿತದ ಬದಲು ಜೀವಶಾಸ್ತ್ರ ಇದ್ದರೆ ಬೈಪಿಸಿ. ಮೊದಲನೆಯದು ಎಂಜಿನಿಯರಿಂಗ್ ದಾರಿ, ಎರಡನೆಯದು ಮೆಡಿಕಲ್ ದಾರಿ. ಅಂದರೆ ವೃತ್ತಿಯ ಆಯ್ಕೆ 15-16ನೇ ವಯಸ್ಸಿಗೇ ಬಹುಪಾಲು ಮುಗಿದುಹೋಗುತ್ತದೆ. ಹೆಚ್ಚಿನ ಮಕ್ಕಳಿಗೆ ಆಗಿನ್ನೂ ತಮಗೇನು ಇಷ್ಟ ಎಂಬುದೇ ಸ್ಪಷ್ಟವಾಗಿರುವುದಿಲ್ಲ.

ಈ ನಿರೀಕ್ಷೆ ಬೆಳೆದಿದ್ದು ಹೇಗೆ?

ನಾರಾಯಣ ಸಂಸ್ಥೆ 1979ರಲ್ಲಿ ನೆಲ್ಲೂರಿನಲ್ಲಿ, ಶ್ರೀ ಚೈತನ್ಯ 1986ರಲ್ಲಿ ವಿಜಯವಾಡದಲ್ಲಿ ಆರಂಭವಾದವು. ಇಂಟರ್ ಪಾಠ ಮತ್ತು ಪ್ರವೇಶ ಪರೀಕ್ಷೆಯ ತರಬೇತಿ ಎರಡನ್ನೂ ಒಂದೇ ಸೂರಿನಡಿ ನೀಡುವ ವಸತಿ ಕಾಲೇಜುಗಳು ಮುಂದೆ ರಾಜ್ಯದ ತುಂಬ ಹಬ್ಬಿದವು.

ಪೋಷಕರ ಲೆಕ್ಕಾಚಾರವೂ ಸುಳ್ಳಲ್ಲ. ಹೊಲ, ಸಣ್ಣ ವ್ಯಾಪಾರ ನಂಬಿದ್ದ ಅನೇಕ ಕುಟುಂಬಗಳನ್ನು ಎಂಜಿನಿಯರಿಂಗ್ ಪದವಿ ಹೈದರಾಬಾದ್, ಬೆಂಗಳೂರು, ಅಮೆರಿಕದವರೆಗೂ ಕರೆದೊಯ್ದಿದೆ. ಕಣ್ಣೆದುರು ಗೆದ್ದ ದಾರಿಯನ್ನೇ ಅವರು ಮಕ್ಕಳಿಗೂ ತೋರಿಸುತ್ತಾರೆ. ಸಮಸ್ಯೆ ಇರುವುದು, ಅದೊಂದೇ ದಾರಿ ಎಂದು ನಂಬುವುದರಲ್ಲಿ.

ಸುಪ್ರೀಂ ಕೋರ್ಟ್ ಆದೇಶದಲ್ಲಿ ಏನಿದೆ?

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು 2023ರ ಜುಲೈನಲ್ಲಿ ಮೃತಪಟ್ಟಿದ್ದಳು. ತನಿಖೆ ಬಗ್ಗೆ ಆಕೆಯ ತಂದೆ ಹೂಡಿದ್ದ ಹೋರಾಟ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ವಹಿಸಿತು. ಜೊತೆಗೆ ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನೂ ಹೊರಡಿಸಿತು.

ಮುಖ್ಯ ಅಂಶಗಳು ಹೀಗಿವೆ:

• 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು.

• ಅಂಕದ ಆಧಾರದ ಮೇಲೆ ಬ್ಯಾಚ್ ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು ಸಲ್ಲದು.

• ವೃತ್ತಿ ಮಾರ್ಗದರ್ಶನ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಪೋಷಕರಿಗೂ ನಿಯಮಿತವಾಗಿ ಸಿಗಬೇಕು.

ಮಕ್ಕಳ ಮೇಲೆ ಅತಿಯಾದ ಒತ್ತಡ ಹೇರದಂತೆ ಪೋಷಕರಲ್ಲಿ ಅರಿವು ಮೂಡಿಸಬೇಕು ಎಂದೂ ಕೋರ್ಟ್ ಹೇಳಿದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಎಂಬ ಎನ್‌ಸಿಆರ್‌ಬಿ ಅಂಕಿಅಂಶವನ್ನು ತೀರ್ಪು ಉಲ್ಲೇಖಿಸಿದೆ.

ಅದೇ ಊರುಗಳಲ್ಲಿ ಬೇರೆ ಬಾಗಿಲುಗಳು

ರ‍್ಯಾಂಕ್ ಪಡೆದವರ ಫ್ಲೆಕ್ಸ್‌ಗಳು ಕಾಣುವ ಇದೇ ಊರುಗಳಲ್ಲಿ ಬೇರೆ ವೃತ್ತಿಗಳ ರಾಷ್ಟ್ರಮಟ್ಟದ ಸಂಸ್ಥೆಗಳೂ ಇವೆ. ವಿಜಯವಾಡದಲ್ಲಿ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್ 2008ರಿಂದ ಇದೆ. ಅಮರಾವತಿ ಭಾಗದಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ಇದೆ, ಇಲ್ಲಿನ ಬಿ.ಡಿಸೈನ್ ಪ್ರವೇಶ ಪರೀಕ್ಷೆಯನ್ನು ಯಾವುದೇ ವಿಭಾಗದಲ್ಲಿ 12ನೇ ತರಗತಿ ಓದಿದವರು ಬರೆಯಬಹುದು. ವಿಶಾಖಪಟ್ಟಣದಲ್ಲಿ ದಾಮೋದರಂ ಸಂಜೀವಯ್ಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಹೋಗಲು ಬರೆಯಬೇಕಾದ ಕ್ಲಾಟ್ ಪರೀಕ್ಷೆಗೂ ವಿಭಾಗದ ಅಡ್ಡಿಯಿಲ್ಲ.

ಕ್ರೀಡೆಯಲ್ಲಿಯೂ ಉದಾಹರಣೆಗಳಿವೆ. ಸೆಕ್ಯುರಿಟಿ ಗಾರ್ಡ್ ಒಬ್ಬರ ಮಗಳಾದ ವಿಶಾಖಪಟ್ಟಣದ ಜ್ಯೋತಿ ಯರ್ರಾಜಿ 2023ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ 100 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು. ಅದೇ ಊರಿನ ಕ್ರಿಕೆಟಿಗ ನಿತೀಶ್ ಕುಮಾರ್ ರೆಡ್ಡಿ ಅವರ ತಂದೆ ಮಗನ ಆಟಕ್ಕಾಗಿ ಕೆಲಸವನ್ನೇ ಬಿಟ್ಟವರು. 2024ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್ ಟೆಸ್ಟ್‌ನಲ್ಲಿ ಮಗ ಶತಕ ಹೊಡೆದಾಗ ಅವರು ಗ್ಯಾಲರಿಯಲ್ಲಿ ಕಣ್ಣೀರು ಹಾಕಿದ್ದನ್ನು ದೇಶವೇ ನೋಡಿತು. ಇಂಥ ತ್ಯಾಗ ಎಲ್ಲರಿಂದಲೂ ಆಗದು, ಆಗಬೇಕೆಂದೂ ಇಲ್ಲ. ಹೆಚ್ಚಿನ ಮಕ್ಕಳಿಗೆ ಬೇಕಿರುವುದು ತಮ್ಮ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಅಪ್ಪ-ಅಮ್ಮ.

ಮನೆಯಲ್ಲಿ ಮಾತು ಶುರು ಮಾಡುವುದು ಹೇಗೆ?

'ನನಗೆ ಇದು ಇಷ್ಟವಿಲ್ಲ' ಎಂದಷ್ಟೇ ಹೇಳಿದರೆ ಜಗಳವಾಗುವುದೇ ಹೆಚ್ಚು. ಯಾವ ಕೋರ್ಸ್, ಯಾವ ಪರೀಕ್ಷೆ, ಎಷ್ಟು ಶುಲ್ಕ, ಸಾಲ ಅಥವಾ ವಿದ್ಯಾರ್ಥಿವೇತನ ಸಿಗುತ್ತದೆಯೇ, ಓದು ಮುಗಿದ ಮೇಲೆ ಎಲ್ಲಿ ಕೆಲಸ ಎಂಬುದನ್ನು ಬರೆದು ಮುಂದಿಟ್ಟರೆ ಪೋಷಕರ ಭಯಕ್ಕೆ ಉತ್ತರ ಸಿಗುತ್ತದೆ. ಅದೇ ಕ್ಷೇತ್ರದಲ್ಲಿ ದುಡಿಯುತ್ತಿರುವವರೊಬ್ಬರನ್ನು ಅಪ್ಪ-ಅಮ್ಮನಿಗೆ ಭೇಟಿ ಮಾಡಿಸುವುದೂ ಒಳ್ಳೆಯದು. ಎರಡು ವರ್ಷದಲ್ಲಿ ಇಷ್ಟು ಸಾಧಿಸುತ್ತೇನೆ, ಆಗದಿದ್ದರೆ ಇದು ಎರಡನೇ ಆಯ್ಕೆ ಎಂದು ಮೊದಲೇ ಹೇಳಿಕೊಂಡರೆ ಇಬ್ಬರಿಗೂ ನಿರಾಳ.

ಪೋಷಕರೂ ಗುಂಪು ಆರಿಸುವ ಮೊದಲು ಮಗುವನ್ನು ಒಂದು ಮಾತು ಕೇಳಬೇಕು. ಎರಡು ವರ್ಷ ಹಾಸ್ಟೆಲ್‌ನಲ್ಲಿ ಕೂತು ಓದಬೇಕಾದದ್ದು ಆ ಮಗುವೇ.

ಕೋರ್ಟ್ ಆದೇಶ ಕರ್ನಾಟಕದ ಕಾಲೇಜು, ಕೋಚಿಂಗ್ ಕೇಂದ್ರಗಳಿಗೂ ಅನ್ವಯಿಸುತ್ತದೆ. ದಾಖಲಾತಿ ವೇಳೆ 'ನಿಮ್ಮಲ್ಲಿ ಆಪ್ತಸಮಾಲೋಚಕರು ಇದ್ದಾರಾ?' ಎಂದು ಪೋಷಕರು ಧೈರ್ಯವಾಗಿ ಕೇಳಬಹುದು. ಒತ್ತಡ ತಡೆಯಲಾಗದು ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.