ಕನ್ನಡ ಹುಡುಕಾಟಕ್ಕೆ ಯಾವ ಆವೃತ್ತಿ?

ಸರ್ವಜ್ಞನ ತ್ರಿಪದಿ, ಶರೀಫರ ತತ್ವಪದ, ಕನಕದಾಸರ ಕೀರ್ತನೆ ಎಲ್ಲವೂ ನಮ್ಮ ಹಾವೇರಿ ಜಿಲ್ಲೆಯ ಸೊತ್ತು. ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಒಂದು ಪದ ಕೊಟ್ಟರೆ ಅದಿರುವ ಸಾಲುಗಳೆಲ್ಲ ಬರುವಂತೆ ಮಾಡಿದರೆ ಒಳ್ಳೆಯ ಬಿಇ ಪ್ರಾಜೆಕ್ಟ್ ಆಗುತ್ತದೆ. ವಚನಗಳಿಗೆ ‘ವಚನ ಸಂಚಯ’ ಜಾಲತಾಣ ಈಗಾಗಲೇ ಈ ದಾರಿ ತೋರಿಸಿದೆ.

ಇದಕ್ಕೆ ಬೇಕಾದ ‘ಅಪಾಚೆ ಲೂಸೀನ್’ ಉಚಿತ. ಡಗ್ ಕಟಿಂಗ್ 1999ರಲ್ಲಿ ಬರೆದ ಈ ತಂತ್ರಾಂಶದ ಮೇಲೆಯೇ ಸೋಲರ್, ಎಲಾಸ್ಟಿಕ್‌ಸರ್ಚ್ ನಿಂತಿವೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಯಾವ ಕಡತದಲ್ಲಿದೆ ಎಂದು ಇದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ.

ತೊಡಕು ಶುರುವಾಗುವುದು ಆವೃತ್ತಿಯಲ್ಲಿ. ಇದನ್ನು ಕಲಿಯಲು ಹೆಸರಾದ ಪುಸ್ತಕ ‘ಲೂಸೀನ್ ಇನ್ ಆಕ್ಷನ್’. ಅದರ ಎರಡನೇ ಆವೃತ್ತಿ ಬಂದದ್ದು 2010ರಲ್ಲಿ, ಅದರ ಕೋಡ್ ಲೂಸೀನ್ 3.0ಕ್ಕೆ ಬರೆದದ್ದು. ‘ಪುಸ್ತಕಕ್ಕೆ ಹೊಂದುವ 3.0ನ್ನೇ ಹಾಕಿಕೊಳ್ಳೋಣ’ ಅನ್ನಿಸುವುದು ಸಹಜ. ಇಂಗ್ಲಿಷ್ ಕಡತಗಳಿಗೆ ಅದು ನಡೆದೀತು, ಕನ್ನಡಕ್ಕೆ ನಡೆಯದು. ಆಗಿನ ಸ್ಟ್ಯಾಂಡರ್ಡ್ ಅನಲೈಸರ್ ನಮ್ಮ ಸ್ವರಚಿಹ್ನೆಗಳನ್ನು ಅಕ್ಷರವೆಂದೇ ಎಣಿಸುತ್ತಿರಲಿಲ್ಲ. ‘ಕಾಡು’, ‘ಕೇಡು’, ‘ಕೂಡಿ’ ಮೂರೂ ಅದಕ್ಕೆ ಬರೀ ‘ಕ’, ‘ಡ’! ಯುನಿಕೋಡ್ ನಿಯಮದಂತೆ ಪದ ಬಿಡಿಸುವ ಕ್ರಮ ಬಂದದ್ದು 2011ರ 3.1ರಲ್ಲಿ.

ಹಾಗಾಗಿ ಪುಸ್ತಕವನ್ನು ಪರಿಕಲ್ಪನೆಗಾಗಿ ಓದಿ; ಕೋಡನ್ನು ಮಾತ್ರ ನೀವು ಹಾಕಿಕೊಂಡ ಆವೃತ್ತಿಯ ಅಧಿಕೃತ ದಾಖಲೆ ನೋಡಿಯೇ ಬರೆಯಿರಿ. ಆವೃತ್ತಿ ಆರಿಸುವ ಮುನ್ನ ಲ್ಯಾಬಿನ ಜಾವಾ ಯಾವುದೆಂದು ನೋಡಿ. ಲೂಸೀನ್ 9ಕ್ಕೆ ಕನಿಷ್ಠ ಜಾವಾ 11 ಬೇಕು, 10ಕ್ಕೆ ಜಾವಾ 21. ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಕಡಿಮೆಯಿದ್ದರೆ ಎಲಾಸ್ಟಿಕ್‌ಸರ್ಚ್ ಬದಲು ಬರೀ ಲೂಸೀನ್‌ನಿಂದ ಶುರು ಮಾಡಿ.

ಹೊಸ ಆವೃತ್ತಿ ಹಾಕಿದರೂ ಕೆಲಸ ಮುಗಿಯದು. ‘ಹಾವೇರಿ’ ಎಂದು ಹುಡುಕಿದರೆ ‘ಹಾವೇರಿಯಲ್ಲಿ’, ‘ಹಾವೇರಿಗೆ’ ತಾನಾಗಿ ಸಿಗುವುದಿಲ್ಲ. ಹಿಂದಿ, ತಮಿಳು, ತೆಲುಗಿಗೆ ಲೂಸೀನ್ 9ರಲ್ಲಿ ಪ್ರತ್ಯೇಕ ಅನಲೈಸರ್ ಇದೆ, ಕನ್ನಡಕ್ಕಿಲ್ಲ. ಸದ್ಯಕ್ಕೆ ಪದದ ಮೊದಲ ಭಾಗ ಹೊಂದಿದರೆ ಸಾಕು ಎನ್ನುವ ಪ್ರಿಫಿಕ್ಸ್ ಹುಡುಕಾಟ ಬಳಸಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಮೊದಲು ಯುನಿಕೋಡಿಗೆ ಬದಲಿಸಬೇಕು. ಇಲ್ಲದಿದ್ದರೆ ಯಾವ ಆವೃತ್ತಿಯೂ ಅದನ್ನು ಕನ್ನಡವೆಂದು ಗುರುತಿಸದು.

ಮೊದಲ ದಿನವೇ ಹತ್ತು ಕನ್ನಡ ಸಾಲು ಹಾಕಿ ‘ಕಾಡು’ ಹುಡುಕಿ ನೋಡಿ. ‘ಕೇಡು’ ಬಂದರೆ ಆವೃತ್ತಿ ಬದಲಿಸಿ. ಬರದಿದ್ದರೆ ‘ಕಾಡಿನಲ್ಲಿ’ ಹೇಗೆ ತರುವುದೆಂದು ಯೋಚಿಸಿ. ವಿಭಕ್ತಿ ಪ್ರತ್ಯಯ ಬಿಡಿಸುವ ನಾಲ್ಕು ನಿಯಮ ಬರೆದರೂ ಅದು ನಿಮ್ಮ ಸ್ವಂತ ಕೆಲಸ. ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಧೈರ್ಯವಾಗಿ ಹೇಳಿಕೊಳ್ಳಬಹುದು.