ಮೈಸೂರಿನ ಅಗ್ನಿಬಾಣಗಳು

ಸ್ಪರ್ಧೆಗಾಗಿ ಗುಂಡು ಹಾರಿಸುವವನು ಪ್ರತಿಯೊಂದು ತೋಟಾದಲ್ಲಿಯೂ ಮದ್ದಿನ ತೂಕ ಒಂದೇ ಸಮನಾಗಿರಬೇಕೆಂದು ಬಯಸುತ್ತಾನೆ. ಮದ್ದು ತುಸು ಹೆಚ್ಚುಕಡಮೆಯಾದರೂ ಗುಂಡಿನ ವೇಗ ಬದಲಾಗುತ್ತದೆ; ವೇಗ ಬದಲಾದರೆ ಗುರಿ ತಪ್ಪುತ್ತದೆ. ಇದೇ ತೊಡಕನ್ನು ಹದಿನೆಂಟನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಕುಶಲಿಗಳು ಇನ್ನೊಂದು ರೂಪದಲ್ಲಿ ಎದುರಿಸಿದ್ದರು.

ಮೈಸೂರು ನಗರಕ್ಕೆ ಸಮೀಪದ ಶ್ರೀರಂಗಪಟ್ಟಣವು ಹೈದರಾಲಿ, ಟಿಪ್ಪುಸುಲ್ತಾನರ ಆಡಳಿತದ ಕೇಂದ್ರವಾಗಿದ್ದಿತು. ಅವರ ಸೈನ್ಯದ ಅಗ್ನಿಬಾಣವೆಂದರೆ ಮದ್ದು ತುಂಬಿದ ಒಂದು ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು. ಕೊಳವೆ ಕಾಗದದ್ದಲ್ಲ, ಕಬ್ಬಿಣದ್ದು, ಹೆಚ್ಚುಗಾರಿಕೆಯಿರುವುದು ಇಲ್ಲಿಯೇ. ಮದ್ದು ಉರಿದಾಗ ಅನಿಲಗಳ ಒತ್ತಡವೇರುತ್ತದೆ. ಕಾಗದ ಬಿರಿಯುವ ಕಡೆ ಕಬ್ಬಿಣವು ತಾಳುತ್ತದೆ. ಆದುದರಿಂದ ಮದ್ದನ್ನು ಗಟ್ಟಿಯಾಗಿ ತುಂಬಬಹುದು; ಅನಿಲವು ಕಿರಿದಾದ ರಂಧ್ರದಿಂದ ರಭಸವಾಗಿ ಹಿಂದಕ್ಕೆ ಚಿಮ್ಮಿದಂತೆಲ್ಲ ಬಾಣವು ಮುಂದಕ್ಕೆ ನುಗ್ಗುತ್ತದೆ. ಬಿದಿರು ಅದನ್ನು ನೆಟ್ಟಗೆ ನಡೆಸುತ್ತದೆ. ಒಂದು ಕಿಲೋಮೀಟರಿಗೂ ಮಿಕ್ಕಿ ಇವು ಹಾರುತ್ತಿದ್ದುವು.

ಆದರೆ ಕೈಯಿಂದ ಮಾಡಿದ ಎರಡು ಬಾಣಗಳು ಸರಿಸಮವಾಗಿರುವುದು ಕಷ್ಟ. ಒಂದೊಂದೂ ಒಂದೊಂದು ದಾರಿ ಹಿಡಿಯುತ್ತಿದ್ದಿತು. ಅದಕ್ಕಾಗಿಯೇ ಅವನ್ನು ಹಿಂಡುಹಿಂಡಾಗಿ ಹಾರಿಸುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡನ್ನು ಸೇರಿದುವು. ಅಲ್ಲಿ ವಿಲಿಯಂ ಕಾಂಗ್ರೀವನು ಇವನ್ನು ಆಧಾರವಾಗಿಟ್ಟುಕೊಂಡು ತನ್ನ ರಾಕೆಟ್ಟುಗಳನ್ನು ರೂಪಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತುವು. ಬಲವೊಂದೇ ಸಾಲದು, ಸಮತೆಯೂ ಬೇಕೆಂಬ ಪಾಠವನ್ನು ನಾವು ಇವುಗಳಿಂದ ಕಲಿಯಬಹುದು.