ವಸತಿ ಬಡಾವಣೆಯಲ್ಲಿ ಮೊಬೈಲ್ ಗೋಪುರ: ಛಾವಣಿಯನ್ನು ಬಾಡಿಗೆಗೆ ಕೊಡುವ ಮುನ್ನ

ಅಂಗಡಿ, ಗೋದಾಮು ಅಥವಾ ಮನೆಯ ಛಾವಣಿಯನ್ನು ಮೊಬೈಲ್ ಗೋಪುರಕ್ಕೆ ಬಾಡಿಗೆಗೆ ಕೊಡುವುದು ಕಟ್ಟಡದ ಮಾಲೀಕರಿಗೆ ನಿಯತ ಆದಾಯ ತರುವ ವ್ಯವಹಾರ. ಆದರೆ ಗೋಪುರ ಮೇಲೇರುತ್ತಿದ್ದಂತೆ ನೆರೆಹೊರೆಯವರ ಆಕ್ಷೇಪಣೆಯೂ ಏಳುವುದುಂಟು. ಯಾವ ವಿಷಯವು ಯಾವ ಪ್ರಾಧಿಕಾರಕ್ಕೆ ಸೇರಿದ್ದೆಂದು ತಿಳಿಯದಿದ್ದರೆ ದೂರು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ; ಮಾಲೀಕರ ಬಂಡವಾಳವೂ ನೆರೆಯವರ ಸೌಹಾರ್ದವೂ ನಷ್ಟವಾಗುತ್ತವೆ.

ವಿಕಿರಣ: ಕೇಂದ್ರದ ಹೊಣೆ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ತರಂಗಗಳನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದಾದ' ವರ್ಗಕ್ಕೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದೆ ಎಂಬುದೇ ಈ ವರ್ಗದ ಅರ್ಥ. ಭಾರತವು 2012ರ ಸೆಪ್ಟೆಂಬರ್ 1ರಿಂದ ಅಂದಿನ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನು ಜಾರಿಗೆ ತಂದಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಇದು ಚದರ ಮೀಟರಿಗೆ 0.45 ವ್ಯಾಟ್. ಇದರ ಪರಿಶೀಲನೆ ದೂರಸಂಪರ್ಕ ಇಲಾಖೆಯ ಕ್ಷೇತ್ರ ಘಟಕಗಳ ಕೆಲಸವೇ ಹೊರತು ನಗರಸಭೆಯದಲ್ಲ. 2017ರಲ್ಲಿ ಆರಂಭವಾದ 'ತರಂಗ ಸಂಚಾರ' ಜಾಲತಾಣದ ಮೂಲಕ ನಾಗರಿಕರು ಶುಲ್ಕ ತೆತ್ತು ಅಳತೆಯನ್ನು ಕೋರಬಹುದೆಂಬ ವ್ಯವಸ್ಥೆಯನ್ನೂ ಮಾಡಲಾಯಿತು. ಆಂಟೆನಾದ ತರಂಗಗಳು ಮುಖ್ಯವಾಗಿ ಮುಂದಕ್ಕೆ ಹರಡುವುದರಿಂದ, ಗೋಪುರದ ಕೆಳಗಿನ ಮನೆಗಿಂತ ಅದೇ ಎತ್ತರದಲ್ಲಿ ಎದುರಿಗಿರುವ ಕಟ್ಟಡದಲ್ಲಿ ಅಳತೆ ಮಾಡಿಸುವುದು ಹೆಚ್ಚು ಉಪಯುಕ್ತ.

ಸ್ಥಳ ಮತ್ತು ಕಟ್ಟಡ

ಗೋಪುರ ಸ್ಥಾಪನೆಗೆ ಸಂಬಂಧಿಸಿದ ಮಾರ್ಗಾಧಿಕಾರ ನಿಯಮಗಳು 2016ರಲ್ಲಿ ಬಂದವು. 2022ರ ತಿದ್ದುಪಡಿಯು ಖಾಸಗಿ ಸ್ವತ್ತಿನ ಮೇಲಿನ ಗೋಪುರಕ್ಕೆ ಅನುಮತಿಯ ಬದಲು, ರಚನಾ ಸುರಕ್ಷತೆಯ ಪ್ರಮಾಣಪತ್ರದೊಡನೆ ಮುಂಚಿತ ಮಾಹಿತಿ ನೀಡಿದರೆ ಸಾಕೆಂದಿತು. 2023ರ ದೂರಸಂಪರ್ಕ ಅಧಿನಿಯಮದ ಅಡಿಯಲ್ಲಿ ರಚಿತವಾದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಹೀಗೆ ಸ್ಥಳೀಯ ಸಂಸ್ಥೆಯ ಅಧಿಕಾರ ಕಿರಿದಾದಂತೆಲ್ಲ ಕಟ್ಟಡದ ಸುರಕ್ಷತೆಯ ಬಗ್ಗೆ ಮಾಲೀಕರ ಎಚ್ಚರಿಕೆ ಹಿರಿದಾಗಬೇಕು. ಹಳೆಯ ಛಾವಣಿಯು ಕಂಬ, ಬ್ಯಾಟರಿ ಮತ್ತು ಜನರೇಟರ್‌ಗಳ ಭಾರವನ್ನು ತಾಳುವುದೇ ಎಂಬುದನ್ನು ಅರ್ಹ ಇಂಜಿನಿಯರರಿಂದ ಸ್ವತಂತ್ರವಾಗಿ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಜನರೇಟರ್ ಸದ್ದನ್ನೂ ಕಡೆಗಣಿಸುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್.

ಕರಾರಿನಲ್ಲಿ ಇರಬೇಕಾದುವು

ಗೋಪುರಗಳ ಮೇಲೆ ಆಸ್ತಿ ತೆರಿಗೆ ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಆದರೆ 2023ರ ಅಧಿನಿಯಮವು ದೂರಸಂಪರ್ಕ ಜಾಲವನ್ನು ಅದು ನಿಂತಿರುವ ಸ್ವತ್ತಿನಿಂದ ಪ್ರತ್ಯೇಕವೆಂದು ಪರಿಗಣಿಸಿದೆ. ತೆರಿಗೆಯ ಬೇಡಿಕೆ ಬಂದಲ್ಲಿ ತೆರುವವರಾರು, ಛಾವಣಿಗೆ ಹಾನಿಯಾದರೆ ದುರಸ್ತಿ ಯಾರದು, ವಿಮೆ ಯಾರ ಹೆಸರಿನಲ್ಲಿ, ಅವಧಿ ಮುಗಿದ ಮೇಲೆ ಗೋಪುರವನ್ನು ತೆರವುಗೊಳಿಸುವ ವೆಚ್ಚ ಯಾರದು ಎಂಬ ನಾಲ್ಕು ಅಂಶಗಳು ಕರಾರುಪತ್ರದಲ್ಲಿ ಸ್ಪಷ್ಟವಾಗಿರಬೇಕು.

ಗೋಪುರ ಹಾಕಿಸಿಕೊಡುವುದಾಗಿ ನಂಬಿಸಿ ಮುಂಗಡ ಹಣ ಕೇಳುವ ವಂಚಕರ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿದೆ. ಗೋಪುರಕ್ಕಾಗಿ ಪ್ರಾಧಿಕಾರವು ಯಾವ ಶುಲ್ಕವನ್ನೂ ವಸೂಲು ಮಾಡುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ನೀಡುವುದಿಲ್ಲ. ಬಾಡಿಗೆ ಪಡೆಯಬೇಕಾದವರೇ ಹಣ ಕಟ್ಟಬೇಕೆಂದರೆ ಅದು ವ್ಯವಹಾರವಲ್ಲ, ಮೋಸ.

ಕರಾರಿಗೆ ಸಹಿ ಹಾಕುವ ಮೊದಲೇ ಸುರಕ್ಷತಾ ಪ್ರಮಾಣಪತ್ರವನ್ನು ನೆರೆಯವರಿಗೂ ತೋರಿಸಿ, ಜನರೇಟರ್ ಇಡುವ ಜಾಗವನ್ನು ಅವರೊಡನೆ ಚರ್ಚಿಸಿದಲ್ಲಿ ಅನೇಕ ತಕರಾರುಗಳನ್ನು ಆರಂಭದಲ್ಲೇ ತಪ್ಪಿಸಬಹುದು.